ಮಳೆಗಾಲದ ಗೋದಾಮಿಗೆ ಮೂರು ದಿನದ ಪ್ರೊಜೆಕ್ಟರ್: ಗೋಣಿಕೊಪ್ಪದ ಬಾಡಿಗೆ ಅಂಗಡಿಯ ಬಗ್ಗೆ ನನ್ನ ಅನುಭವ

ಈ ಜುಲೈಯಲ್ಲಿ ಮೂರು ದಿನದ ಮಟ್ಟಿಗೆ ಒಂದು ಪ್ರೊಜೆಕ್ಟರ್, ಎಂಟು ಅಡಿ ಅಗಲದ ಸ್ಕ್ರೀನು, ಸ್ಪೀಕರು ಬಾಡಿಗೆಗೆ ತಂದಿದ್ದೆ. ಅಂಗಡಿ ಗೋಣಿಕೊಪ್ಪದ್ದು. ಮದುವೆ, ನಾಮಕರಣಕ್ಕೆ ಶಾಮಿಯಾನ, ಕುರ್ಚಿ, ಸೌಂಡು ಕೊಡುತ್ತಿದ್ದವರು ಈಚೆಗೆ ಪ್ರೊಜೆಕ್ಟರನ್ನೂ ಇಟ್ಟುಕೊಂಡಿದ್ದಾರೆ. ದಿನಕ್ಕೆ 1,500 ರೂಪಾಯಿ, ಮೂರು ದಿನಕ್ಕೆ ಒಟ್ಟಿಗೆ ಹೇಳಿದರೆ 4,000. ಅಡ್ವಾನ್ಸು 2,000, ಜೊತೆಗೆ ಆಧಾರ್ ಜೆರಾಕ್ಸ್. ತಂದು ಜೋಡಿಸಿ ಕೊಡುವುದು, ಮುಗಿದ ಮೇಲೆ ಬಂದು ಒಯ್ಯುವುದು ಎರಡೂ ಅವರದೇ ಕೆಲಸ. ಹತ್ತು ಕಿಲೋಮೀಟರಿನ ಒಳಗಾದರೆ ಪಿಕಪ್ ಗಾಡಿಗೆ ಬೇರೆ ದುಡ್ಡಿಲ್ಲ. ಮೊದಲ ದಿನ ಕೊಟ್ಟ ಮೆಷಿನು ಚೆನ್ನಾಗಿರಲಿಲ್ಲ. ಎರಡನೆಯ ದಿನ ಬದಲಾಯಿಸಿ ಕೊಟ್ಟದ್ದು ಬಹಳ ಚೆನ್ನಾಗಿತ್ತು. ಎರಡನ್ನೂ ವಿವರವಾಗಿ ಬರೆಯುತ್ತೇನೆ. ಮಳೆಗಾಲದಲ್ಲಿ ಆಟದ ಮಕ್ಕಳನ್ನು ಕಟ್ಟಿಕೊಂಡು ಏನು ಮಾಡುವುದೆಂದು ಯೋಚಿಸುವ ಪಿ.ಟಿ. ಮಾಸ್ಟರುಗಳು, ಕೋಚುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೆ ಉಪಯೋಗವಾಗಬಹುದು.

ನಾನು 29 ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು. ಹಾಕಿ ಆಡಿದೆ, ಹಾಕಿ ಕಲಿಸಿದೆ. ನಿವೃತ್ತಿಯಾದ ಮೇಲೆ ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಊರಿನ ಸುತ್ತಮುತ್ತಲ 14 ಹೆಣ್ಣುಮಕ್ಕಳಿಗೆ ಬೆಳಿಗ್ಗೆ, ಸಂಜೆ ಆಟ ಹೇಳಿಕೊಡುತ್ತೇನೆ. ಜೂನ್ ಮಧ್ಯದಿಂದ ನಮ್ಮ ಮೈದಾನ ನಾಟಿಗೆ ಸಿದ್ಧವಾದ ಗದ್ದೆಯ ಹಾಗೆ ಆಗಿಬಿಡುತ್ತದೆ. ಸ್ಟಿಕ್ ಇಟ್ಟರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಆಗ ನಮ್ಮ ಮನೆಯ ಕಾಫಿ ಗೋದಾಮು ಖಾಲಿ ಇರುತ್ತದೆ. ಒಳಗೆ ಸಿಮೆಂಟ್ ನೆಲ, ಮೇಲೆ ತಗಡಿನ ಶೀಟು, ಮೂಲೆಯಲ್ಲಿ ಮಡಚಿಟ್ಟ ಗೋಣಿಚೀಲ. ಸ್ಕಿಪ್ಪಿಂಗ್, ಬಸ್ಕಿ, ಗೋಡೆಗೆ ಚೆಂಡು ಹೊಡೆಯುವುದು ಎಲ್ಲ ಅಲ್ಲೇ.

ಪ್ರೊಜೆಕ್ಟರ್ ತರಿಸಲು ಒಂದು ಕಾರಣವಿತ್ತು. ಈ ವರ್ಷ ನಮ್ಮ ಒಂದು ಪಂದ್ಯ ಟೈಬ್ರೇಕರಿಗೆ ಹೋಗಿ, ಕೊನೆಯ ಸ್ಟ್ರೋಕ್ ನಮ್ಮ ಸೆಂಟರ್ ಹಾಫ್ ಹುಡುಗಿಯ ಪಾಲಿಗೆ ಬಂತು. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು. ಆಮೇಲೆ ಅವಳು ಒಂದು ದಿನವೂ ಅಭ್ಯಾಸ ತಪ್ಪಿಸಿಲ್ಲ. ಓಡುತ್ತಾಳೆ, ಪಾಸ್ ಕೊಡುತ್ತಾಳೆ. ಆದರೆ ಸ್ಟ್ರೋಕ್ ಹೊಡೆಯುವ ಸಾಲು ನಿಂತರೆ ಮಾತ್ರ ಸಾಕ್ಸ್ ಎಳೆದುಕೊಳ್ಳುವ ನೆಪ ಮಾಡಿ ಹಿಂದೆ ಉಳಿಯುತ್ತಾಳೆ. ಬೈದು, ಪುಸಲಾಯಿಸಿ, ಹೋಗಲಿ ಬಿಡು ಅಂತ ಹೇಳಿ ಎಲ್ಲ ಆಯಿತು. ಕೊನೆಗೆ, ಕೊನೆಯ ಹೊಡೆತ ತಪ್ಪಿದ ಇನ್ನೊಬ್ಬಳನ್ನು ಅವಳಿಗೆ ತೋರಿಸೋಣ ಅನಿಸಿತು. ಹಾಕಿಯಲ್ಲಿ ಅಲ್ಲ, ಅವಳು ಕೇಳಿಯೂ ಇರದ ಆಟದಲ್ಲಿ. ಆಗ ನೆನಪಾದವಳು ಸ್ಕಾಟ್ಲೆಂಡಿನ ಈವ್ ಮ್ಯೂರ್‌ಹೆಡ್, ಹಿಮದ ಹಾಸಿನ ಮೇಲೆ ಕಲ್ಲು ಜಾರಿಸಿ ಬಿಡುವ ಕರ್ಲಿಂಗ್ ಎಂಬ ಆಟದ ಆಟಗಾರ್ತಿ. ನನ್ನ ಅಣ್ಣನ ಮಗ ಕೆಲವು ವರ್ಷದ ಹಿಂದೆ ಲ್ಯಾಪ್‌ಟಾಪಿನಲ್ಲಿ ಅವಳ ಪಂದ್ಯ ತೋರಿಸಿದ್ದ. ನೋಡಿದ ಮೇಲೆ ನಾನು ಬಿಡಲಿಲ್ಲ, ಸಿಕ್ಕಿದ ಪಂದ್ಯವನ್ನೆಲ್ಲ ಅವನ ಕೈಯಲ್ಲೇ ಹಾಕಿಸಿಕೊಂಡು ನೋಡಿದೆ. ಹೈಲೈಟ್ಸ್ ತೋರಿಸುವ ಮನಸ್ಸು ನನಗಿರಲಿಲ್ಲ. ಹೈಲೈಟ್ಸಿನಲ್ಲಿ ಹೊಡೆತ ಮಾತ್ರ ಇರುತ್ತದೆ, ಹೊಡೆಯುವ ಮೊದಲು ಅವರು ಬಗ್ಗಿ ನಿಂತು ಮಾತಾಡಿಕೊಳ್ಳುವ ನಿಮಿಷಗಳು ಇರುವುದಿಲ್ಲ. ಎರಡೂವರೆ, ಮೂರು ಗಂಟೆಯ ಪಂದ್ಯವನ್ನು 14 ಮಕ್ಕಳು ಲ್ಯಾಪ್‌ಟಾಪಿನ ಸುತ್ತ ಕುತ್ತಿಗೆ ಚಾಚಿ ನೋಡಲು ಆಗುವುದಿಲ್ಲ. ಅದಕ್ಕೇ ದೊಡ್ಡ ಪರದೆ ಬೇಕಾಯಿತು.

ಶುಕ್ರವಾರ ಮಳೆಗೆ ಶಾಲೆಗಳಿಗೆ ರಜೆ ಸಾರಿದ್ದರು. ಹನ್ನೊಂದಕ್ಕೆ ಬರುತ್ತೇವೆ ಎಂದವರು ಹನ್ನೆರಡೂವರೆಗೆ ಬಂದರು. ದಾರಿಯಲ್ಲಿ ಮರ ಬಿದ್ದಿತ್ತಂತೆ, ಅದು ಅವರ ತಪ್ಪಲ್ಲ. ಕಾಯುವ ಹೊತ್ತಿನಲ್ಲಿ ಮಕ್ಕಳಿಗೆ ಆಟದ ಅಳತೆ ತೋರಿಸಿದೆ. ಕರ್ಲಿಂಗ್ ಕಲ್ಲು ಹತ್ತಿರ ಹತ್ತಿರ 20 ಕೆ.ಜಿ. ತೂಗುತ್ತದೆ. ಗೋಣಿಚೀಲಕ್ಕೆ ಮರಳು ತುಂಬಿ, ಕಾಫಿ ತೂಗುವ ತಕ್ಕಡಿಯಲ್ಲಿ 20 ಕೆ.ಜಿ. ಸರಿಮಾಡಿ, ನೆಲದ ಮೇಲೆ ತಳ್ಳಿ ನೋಡಿ ಎಂದೆ. ನಮ್ಮ ಗೋಲ್‌ಕೀಪರ್ ಗಟ್ಟಿ ಹುಡುಗಿ, ಅವಳು ತಳ್ಳಿದರೂ ಎರಡು ಅಡಿ ಹೋಗಿ ನಿಂತಿತು. ಹಿಮದ ಹಾಸು 150 ಅಡಿ ಉದ್ದ, ಅಂದರೆ 50 ಗಜ. ನಮ್ಮ ಹಾಕಿ ಮೈದಾನ 100 ಗಜ. ಗೋಲ್ ಗೆರೆಯಿಂದ ಸೆಂಟರ್ ಗೆರೆಯವರೆಗೆ ಎಂದು ಹೇಳಿದ ಕೂಡಲೇ ಎಲ್ಲರಿಗೂ ದೂರ ಕಣ್ಣಿಗೆ ಕಟ್ಟಿತು. ಅಷ್ಟು ದೂರದಲ್ಲಿ 12 ಅಡಿ ಅಗಲದ ವೃತ್ತದೊಳಗೆ ಕಲ್ಲನ್ನು ನಿಲ್ಲಿಸಬೇಕು. ಆ ವೃತ್ತವನ್ನು ಹೌಸ್ ಅನ್ನುತ್ತಾರೆ. ನಮ್ಮ ಮಕ್ಕಳು ಐದು ನಿಮಿಷದಲ್ಲಿ ಅದನ್ನು ‘ಮನೆ’ ಮಾಡಿಕೊಂಡರು. ಒಂದು ತಂಡಕ್ಕೆ ಎಂಟು ಕಲ್ಲು, ಎರಡೂ ತಂಡ ಸೇರಿ 16. ಅಷ್ಟನ್ನೂ ಬಿಟ್ಟರೆ ಒಂದು ಎಂಡ್. ಅಂಥವು ಹತ್ತು. ಮನೆಯ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೇ ಅಂಕ. ಎದುರಾಳಿಯ ಹತ್ತಿರದ ಕಲ್ಲಿಗಿಂತ ಒಳಗೆ ನಿಮ್ಮದು ಎಷ್ಟಿವೆಯೋ ಅಷ್ಟು. ಕೊನೆಯ ಕಲ್ಲು ಬಿಡುವ ಸರದಿಗೆ ಹ್ಯಾಮರ್ ಎನ್ನುತ್ತಾರೆ. ಕೈಯಲ್ಲಿ ಸುತ್ತಿಗೆ ಇದ್ದ ಹಾಗೆ.

ಈಗ ಮೊದಲ ದಿನದ ಮೆಷಿನಿನ ವಿಷಯ. ಬೇರೆ ಯಾವ ಸಿನಿಮಾಕ್ಕಾದರೂ ಅದು ನಡೆಯುತ್ತಿತ್ತೇನೊ. ಕರ್ಲಿಂಗಿಗೆ ಆಗಲಿಲ್ಲ. ಪರದೆಯ ಮುಕ್ಕಾಲು ಭಾಗ ಬಿಳಿ ಹಿಮ. ಪ್ರೊಜೆಕ್ಟರಿನ ಲ್ಯಾಂಪು ಹಳೆಯದಾಗಿ, ಆ ಬಿಳಿಯೆಲ್ಲ ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಕಲ್ಲುಗಳ ಹಿಡಿ ಒಂದು ತಂಡದ್ದು ಕೆಂಪು, ಇನ್ನೊಂದರದ್ದು ಹಳದಿ. ಕೆಂಪು ಕಾಣುತ್ತಿತ್ತು, ಹಳದಿ ಹಿಮದಲ್ಲಿ ಕರಗಿ ಹೋಗುತ್ತಿತ್ತು. ಗೋದಾಮಿನ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರೂ ಅಷ್ಟೆ. ಸ್ಪೀಕರು ಇನ್ನೂ ಸಣ್ಣದು, ತಗಡಿನ ಮೇಲೆ ಮಳೆ ಜೋರಾದರೆ ಅದರ ದನಿಯೇ ಇಲ್ಲ.

ಆದರೂ ಪಂದ್ಯ ಹಾಕಿದೆ. 2018ರ ಫೆಬ್ರವರಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್, ಕಂಚಿನ ಪದಕದ ಪಂದ್ಯ. ಬ್ರಿಟನ್ನಿಗೆ ಎದುರಾಗಿ ಜಪಾನ್. ಈವ್‌ಗೆ ಆಗ 27 ವರ್ಷ, ಅದು ಅವಳ ಮೂರನೆಯ ಒಲಿಂಪಿಕ್ಸ್. ಅವಳು ಸ್ಕಿಪ್, ಅಂದರೆ ನಾಯಕಿ. ಮನೆಯ ಹತ್ತಿರ ನಿಂತು ಬ್ರಷ್ ಹಿಡಿದು ಎಲ್ಲಿಗೆ ಬಿಡಬೇಕೆಂದು ತೋರಿಸುವವಳು, ತಂಡದ ಕೊನೆಯ ಎರಡು ಕಲ್ಲು ಬಿಡುವವಳು. ಒಂಬತ್ತು ಎಂಡ್ ಮುಗಿದಾಗ ಜಪಾನ್ 4, ಬ್ರಿಟನ್ 3. ಹತ್ತನೆಯ ಎಂಡಿನಲ್ಲಿ ಹ್ಯಾಮರ್ ಈವ್ ಕೈಯಲ್ಲಿ. ಕೊನೆಯ ಕಲ್ಲು ಬಿಟ್ಟಳು, ಕಲ್ಲುಗಳು ಡಿಕ್ಕಿ ಹೊಡೆದವು, ಜಪಾನಿನ ಹುಡುಗಿಯರು ಕುಣಿದಾಡಿದರು. ನಮ್ಮ ಮಕ್ಕಳು ನನ್ನ ಮುಖ ನೋಡಿದರು. ಯಾಕೆ ಸೋತರು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ, ಯಾವ ಕಲ್ಲು ಯಾರದೆಂದೇ ಕಂಡಿರಲಿಲ್ಲ. ಮೂರು ಗಂಟೆ ಕೂತು ನೋಡಿದ ಮಕ್ಕಳಿಗೆ ಕೊನೆಯ ಹತ್ತು ಸೆಕೆಂಡು ಕಾಣದೆ ಹೋದದ್ದು ನನಗೆ ಬಹಳ ಬೇಜಾರಾಯಿತು.

ಸಂಜೆ ಅಂಗಡಿಗೆ ಫೋನ್ ಮಾಡಿದೆ. ಕೋಪದಲ್ಲೇ ಮಾಡಿದ್ದೆ. ಆ ಹುಡುಗ, ಮಾಲೀಕರ ಮಗ ಇರಬೇಕು, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ.

“ಅಕ್ಕ, ಅದು ಮೀಟಿಂಗಿಗೆ ಕೊಡೋ ಮೆಷಿನ್. ನೀವು ಆಟ ತೋರಿಸ್ತೀರಿ ಅಂತ ನಂಗೆ ಗೊತ್ತಾಗ್ಲಿಲ್ಲ. ಎಂಥ ಆಟ ಅಕ್ಕ?”

“ಐಸ್ ಮೇಲೆ ಕಲ್ಲು ಬಿಡೋದು. ಎಲ್ಲ ಬಿಳಿ. ಹಳದಿ ಬಣ್ಣ ಕಾಣ್ಲೇಬೇಕು.”

“ಹಂಗಾದ್ರೆ ಹೊಸದು ತರ್ತೀನಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿರ್ತೀನಿ. ತಗಡಿನ ಮಾಡು ಅಂದ್ರಲ್ಲ, ದೊಡ್ಡ ಸ್ಪೀಕರೂ ತರ್ತೀನಿ.”

ಏಳೂ ಮುಕ್ಕಾಲಿಗೇ ಬಂದಿದ್ದ. ಹೊಸ ಮೆಷಿನನ್ನು ಆನ್ ಮಾಡಿ, ನಾನು ಕೇಳದೆಯೇ ಮೆನುವಿನಲ್ಲಿ ಲ್ಯಾಂಪು ಎಷ್ಟು ಗಂಟೆ ಉರಿದಿದೆ ಎಂದು ತೋರಿಸಿದ. 200 ಗಂಟೆಯೂ ಆಗಿರಲಿಲ್ಲ. ಹಿಂದಿನ ದಿನದ್ದು ನಾಲ್ಕು ಸಾವಿರ ದಾಟಿತ್ತೆಂದು ಅವನೇ ಹೇಳಿದ. ಇದು ನೀವೂ ಕೇಳಬೇಕಾದ ಪ್ರಶ್ನೆ. ಅಂಗಡಿಯವರು ಹೇಳುವ ಲ್ಯೂಮೆನ್ ಲೆಕ್ಕ, ಅಂದರೆ ಬೆಳಕಿನ ಅಳತೆ, ಹೊಸ ಲ್ಯಾಂಪಿನದು, ಉರಿದು ಹಳೆಯದಾದ ಲ್ಯಾಂಪಿಗೆ ಅದು ಹೊಂದುವುದಿಲ್ಲ. ಮದುವೆ ಮನೆಗೆ ಕೊಡುವ ಉದ್ದ ಸ್ಪೀಕರನ್ನೇ ತಂದಿದ್ದ, ಜೊತೆಗೆ ಒಂದು ಯು.ಪಿ.ಎಸ್. ಕೂಡ. ಕರೆಂಟು ಹೋದರೆ ಸಿನಿಮಾ ನೋಡಲಿಕ್ಕಲ್ಲ ಅಕ್ಕ, ಲ್ಯಾಂಪು ತಣ್ಣಗಾಗುವವರೆಗೆ ಒಳಗಿನ ಫ್ಯಾನು ತಿರುಗಬೇಕು, ಇಲ್ಲದಿದ್ದರೆ ಲ್ಯಾಂಪು ಹೋಗುತ್ತದೆ ಎಂದ. ಇಷ್ಟು ತಿಳಿದು ಕೆಲಸ ಮಾಡುವವರು ಸಿಗುವುದು ಕಷ್ಟ. ಎರಡು ದಿನಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೇಳಲಿಲ್ಲ. ಹಣ ತೆಗೆದುಕೊಂಡು ಫೋನೆತ್ತದವರನ್ನೂ ನಾನು ಕಂಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಶನಿವಾರ ಮೊದಲು ಹಾಕಿದ್ದು ಹಿಂದಿನ ದಿನದ ಆ ಹತ್ತನೆಯ ಎಂಡನ್ನೇ. ಮತ್ತೆ. ಈಗ ಹಿಮ ಹಿಮದ ಹಾಗೆ ಬೆಳ್ಳಗಿತ್ತು. ಕ್ಯಾಮೆರಾ ಹತ್ತಿರ ಹೋದಾಗ ಹಿಮದ ಮೇಲಿನ ಸಣ್ಣ ಸಣ್ಣ ಗುಳ್ಳೆಗಳೂ ಕಂಡವು. ಆಟದ ಮೊದಲು ಹಾಸಿನ ಮೇಲೆ ನೀರನ್ನು ಹನಿಹನಿಯಾಗಿ ಚಿಮುಕಿಸುತ್ತಾರೆ, ಅದು ಹೆಪ್ಪುಗಟ್ಟಿ ರವೆಯ ಹಾಗೆ ನಿಲ್ಲುತ್ತದೆ. ಕಲ್ಲು ಜಾರುವುದು ಆ ರವೆಯ ಮೇಲೆ. ಬಿಡುವಾಗ ಹಿಡಿಯನ್ನು ಸ್ವಲ್ಪ ತಿರುಗಿಸುತ್ತಾರೆ, ಕಲ್ಲು ಮೆಲ್ಲಗೆ ಸುತ್ತುತ್ತ ಆ ಕಡೆಗೇ ಬಾಗುತ್ತ ಹೋಗುತ್ತದೆ. ಮುಂದೆ ಇಬ್ಬರು ಬ್ರಷ್ಷಿನಿಂದ ಉಜ್ಜುತ್ತಾರೆ. ಉಜ್ಜಿದ ಕಡೆ ಹಿಮ ಒಂದಿಷ್ಟು ಬಿಸಿಯಾಗಿ ತಿಕ್ಕಾಟ ಕಮ್ಮಿಯಾಗುತ್ತದೆ, ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ಕಮ್ಮಿಯಾಗುತ್ತದೆ. ಅವರು ಗುಡಿಸುತ್ತಿಲ್ಲ, ಬಿಟ್ಟ ಕಲ್ಲಿಗೆ ದಾರಿ ಕೊಡುತ್ತಿದ್ದಾರೆ ಎಂದೆ. ನಮ್ಮ ಸೆಂಟರ್ ಹಾಫ್ ಹುಡುಗಿ ಮೊದಲ ಸಾಲಿಗೆ ಬಂದು ಕೂತಳು.

ಒಂದು ಅಂಕ ತೆಗೆದುಕೊಂಡರೆ 4-4 ಸಮ, ಹೆಚ್ಚಿನ ಎಂಡಿಗೆ ಹೋಗಬಹುದಿತ್ತು. ಎರಡು ತೆಗೆದುಕೊಂಡರೆ ಅಲ್ಲೇ ಗೆಲುವು, ಕಂಚು. ಈವ್ ಎರಡಕ್ಕೆ ಹೋದಳು. ಕಲ್ಲುಗಳು ಬಡಿದುಕೊಂಡು ನಿಂತಾಗ ನಡುವಿಗೆ ಹತ್ತಿರ ಇದ್ದದ್ದು ಜಪಾನಿನ ಕಲ್ಲು. ಅಂಕ ಜಪಾನಿಗೇ ಹೋಗಿ 5-3. ಜಪಾನಿಗೆ ಕರ್ಲಿಂಗಿನಲ್ಲಿ ಅದು ಮೊದಲ ಒಲಿಂಪಿಕ್ ಪದಕ. ನಾನು ಅಲ್ಲಿ ನಿಲ್ಲಿಸಿ ಆ ಚಿತ್ರವನ್ನು ಹಾಗೇ ಬಿಟ್ಟೆ. ಮನೆಯ ನಡುವೆ ಕಲ್ಲುಗಳು, ಯಾವುದು ಎಷ್ಟು ದೂರ ಎಂದು ಎಲ್ಲರೂ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟು ನೋಡಿದರು.

“ಮಿಸ್, ಒಂದಕ್ಕೆ ಹೋಗ್ಬಹುದಿತ್ತಲ್ಲ?” ಎಂದಳು ಗೋಲ್‌ಕೀಪರ್.

ಸೆಂಟರ್ ಹಾಫ್ ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಆಮೇಲೆ ಅವ್ರು ಆಟ ಬಿಟ್ರಾ ಮಿಸ್?”

ಉಳಿದ ಎರಡು ದಿನ ಆ ಪ್ರಶ್ನೆಗೇ ಹೋಯಿತು. ಮೊದಲು ಹಿಂದಿನ ಕತೆ ಹೇಳಿದೆ. ಈವ್ ಹುಟ್ಟಿದ್ದು 1990ರ ಏಪ್ರಿಲಿನಲ್ಲಿ, ಬೆಳೆದದ್ದು ಬ್ಲೇರ್ ಅಥಾಲ್ ಎನ್ನುವ ಊರಿನಲ್ಲಿ. ಮನೆಯವರದು ಕುರಿ ಸಾಕುವ ತೋಟ. ಅಪ್ಪ ಗಾರ್ಡನ್ ಮ್ಯೂರ್‌ಹೆಡ್ ಕೂಡ ವಿಶ್ವ ಮಟ್ಟದಲ್ಲಿ ಕರ್ಲಿಂಗ್ ಆಡಿದವರು. ಗ್ಲೆನ್, ಥಾಮಸ್ ಎಂಬ ಇಬ್ಬರು ಅಣ್ಣತಮ್ಮಂದಿರು, ಅವರೂ 2018ರ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಗಂಡಸರ ತಂಡದಲ್ಲಿದ್ದರು. ಇದನ್ನು ಕೇಳಿದ್ದೇ ನಮ್ಮ ಮಕ್ಕಳಿಗೆ ಕೌಟುಂಬಿಕ ಹಾಕಿ ನೆನಪಾಯಿತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿಯಲ್ಲಿ ಅಪ್ಪ, ಮಗಳು, ಸೋದರತ್ತೆ ಒಂದೇ ತಂಡದಲ್ಲಿ ಆಡುವುದನ್ನು ಇವರೆಲ್ಲ ಕಂಡವರೇ. ತೋಟದ ಮನೆ, ಊಟದ ಹೊತ್ತಿಗೂ ಆಟದ್ದೇ ಮಾತು. ಅವಳು ಬೇರೆ ಲೋಕದವಳು ಅನ್ನುವ ಭಾವನೆ ಅಲ್ಲಿಗೆ ಹೋಯಿತು. ಈವ್ ಬ್ಯಾಗ್‌ಪೈಪ್ ಊದುತ್ತಾಳೆ ಎಂದಾಗ, ನಮ್ಮ ಕೊಂಬಿನ ಹಾಗಾ ಎಂದು ಒಬ್ಬಳು ಕೇಳಿದಳು. ಗಾಳಿ ತುಂಬಿದ ಚೀಲವನ್ನು ಕಂಕುಳಲ್ಲಿ ಒತ್ತಿ ನುಡಿಸುವುದು ಎಂದು ತೋರಿಸಿಕೊಟ್ಟೆ.

ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ನಾಲ್ಕು ಸಲ ಗೆದ್ದವಳು ಅವಳು. 19 ವರ್ಷಕ್ಕೇ 2010ರ ವ್ಯಾಂಕೂವರ್ ಒಲಿಂಪಿಕ್ಸಿಗೆ ಸ್ಕಿಪ್ ಆಗಿ ಹೋಗಿ ಸೋತು ಬಂದಳು. 2013ರಲ್ಲಿ ರಿಗಾದಲ್ಲಿ ಸ್ವೀಡನ್ನನ್ನು 6-5ರಲ್ಲಿ ಸೋಲಿಸಿ ವಿಶ್ವ ಚಾಂಪಿಯನ್. 2014ರ ಸೋಚಿಯಲ್ಲಿ ಸೆಮಿಫೈನಲಿನಲ್ಲಿ ಕೆನಡಾದ ಜೆನ್ನಿಫರ್ ಜೋನ್ಸ್ ತಂಡಕ್ಕೆ ಸೋತು, ಸ್ವಿಟ್ಜರ್ಲೆಂಡಿನ ಮೇಲೆ 6-5ರಲ್ಲಿ ಕಂಚು. ಆ ಸಲ ಜೋನ್ಸ್ ತಂಡ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದಿತು, ಅದು ಇನ್ನೊಂದು ಮಳೆಗಾಲದ ಕತೆ. ಇಷ್ಟನ್ನೂ ನಾನು ಹತ್ತು ನಿಮಿಷದಲ್ಲಿ ಮುಗಿಸಿದೆ, ಯಾಕೆಂದರೆ ಮಕ್ಕಳಿಗೆ ಬೇಕಾಗಿದ್ದದ್ದು ಆಮೇಲಿನ ಕತೆ.

ಆಮೇಲಿನದು ಸುಲಭದ್ದಲ್ಲ. 2018ರಲ್ಲೇ ಸೊಂಟದ ಕೀಲಿಗೆ ಆಪರೇಷನ್. ಕಲ್ಲು ಬಿಡುವಾಗ ಒಂದು ಕಾಲು ಮಡಚಿ, ಇನ್ನೊಂದನ್ನು ಹಿಂದೆ ಚಾಚಿ, ನೆಲಕ್ಕೆ ಒರಗಿದ ಹಾಗೆ ಜಾರುತ್ತಾರೆ. ವರ್ಷಗಟ್ಟಲೆ ಹಾಗೆ ಕೂತರೆ ಸೊಂಟ ಏನಾಗುತ್ತದೆ ಎಂದು ನನಗೆ ಗೊತ್ತು, ಹಾಕಿಯವರ ಸೊಂಟವೂ ಹಾಗೇ ಹೋಗುತ್ತದೆ. 2021ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮೊದಲ ಆರರೊಳಗೆ ಬಂದಿದ್ದರೆ ಬೀಜಿಂಗ್ ಒಲಿಂಪಿಕ್ಸಿಗೆ ನೇರ ದಾರಿ ಇತ್ತು. ಅವಳ ತಂಡ ಎಂಟನೆಯದಾಯಿತು. ಅದಾದ ಮೇಲೆ ಒಂಬತ್ತು ಜನ ಆಟಗಾರ್ತಿಯರ ಒಂದು ಗುಂಪು ಮಾಡಿ, ಯಾರ ಜೊತೆ ಯಾರು ಹೊಂದುತ್ತಾರೆಂದು ಆಡಿಸಿ ನೋಡಿ, ಅದರೊಳಗಿಂದ ಹೊಸ ತಂಡ ಕಟ್ಟಿದರು. ವಿಕಿ ರೈಟ್, ಜೆನ್ನಿಫರ್ ಡಾಡ್ಸ್, ಹೇಲಿ ಡಫ್, ಮೀಸಲಿಗೆ ಮಿಲಿ ಸ್ಮಿತ್. ವಿಕಿ ರೈಟ್ ನರ್ಸ್, ಕೋವಿಡ್ ಕಾಲದಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಆ ನವೆಂಬರಿನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಗೆದ್ದರು. ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಲೇವಾರ್ಡನ್ನಿನಲ್ಲಿ ಒಲಿಂಪಿಕ್ಸಿಗೆ ಕೊನೆಯ ಅರ್ಹತಾ ಪಂದ್ಯಗಳು. ಅಲ್ಲಿಂದ ಬೀಜಿಂಗಿಗೆ ಹೋದ ಮೂರು ತಂಡಗಳಲ್ಲಿ ಬ್ರಿಟನ್ ಒಂದು. ಇನ್ನೊಂದು ಜಪಾನ್.

ಮಧ್ಯಾಹ್ನ ಕಡಂಬುಟ್ಟು, ಬೈಂಬಳೆ ಕರಿ ಊಟ ಮಾಡಿ 2022ರ ಸೆಮಿಫೈನಲ್ ಹಾಕಿದೆ. ಎದುರಿಗೆ ಸ್ವೀಡನ್, ಹಿಂದಿನ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅನ್ನಾ ಹ್ಯಾಸೆಲ್‌ಬೋರ್ಗ್ ತಂಡ. ಮೊದಲ ಎಂಡಿಗೇ ಸ್ವೀಡನ್ 4, ಬ್ರಿಟನ್ 0. ಕರ್ಲಿಂಗಿನಲ್ಲಿ ಒಂದೇ ಎಂಡಿಗೆ ನಾಲ್ಕು ಬಿಟ್ಟುಕೊಡುವುದೆಂದರೆ ಹಾಕಿಯಲ್ಲಿ ಮೊದಲ ಕ್ವಾರ್ಟರಿನಲ್ಲೇ ಮೂರು ಗೋಲು ತಿಂದ ಹಾಗೆ. ಇಲ್ಲಿ ಆ ದೊಡ್ಡ ಸ್ಪೀಕರಿನ ಬೆಲೆ ಗೊತ್ತಾಯಿತು. ಕರ್ಲಿಂಗ್ ಆಟಗಾರರ ಮೈಮೇಲೆ ಮೈಕ್ ಇರುತ್ತದೆ, ಅವರು ತಮ್ಮತಮ್ಮಲ್ಲಿ ಆಡುವ ಮಾತು ಟಿ.ವಿ.ಯಲ್ಲಿ ಕೇಳುತ್ತದೆ. ಬೇರೆ ಆಟಗಳಲ್ಲಿ ಇಂಥದ್ದು ಅಪರೂಪ. ಮಳೆ ತಗಡಿನ ಮೇಲೆ ಸುರಿಯುತ್ತಿದ್ದರೂ ಈವ್ ದನಿ ಸ್ಪಷ್ಟವಾಗಿ ಕೇಳಿತು. ಕಲ್ಲು ಹೊರಟ ಮೇಲೆ ಉಜ್ಜುವವರಿಗೆ ಗಂಟಲು ಹರಿಯುವ ಹಾಗೆ ಕೂಗುತ್ತಾಳೆ. ಎರಡು ಕಲ್ಲಿನ ನಡುವೆ ಮಾತಾಡುವಾಗ ಮಾತ್ರ ದನಿ ತಗ್ಗಿ ಅಡುಗೆಮನೆಯಲ್ಲಿ ಮಾತಾಡಿದ ಹಾಗಿರುತ್ತದೆ. ನಾಲ್ಕು ಅಂಕ ಹಿಂದೆ ಇದ್ದಾಗಲೂ ಆ ದನಿ ಬದಲಾಗಲಿಲ್ಲ. ಅವರ ಇಂಗ್ಲಿಷು ಮಕ್ಕಳಿಗೆ ಅರ್ಥವಾಗಲಿಲ್ಲ, ನನಗೂ ಅರ್ಧ ಅರ್ಧ. ದನಿ ಎಲ್ಲರಿಗೂ ಅರ್ಥವಾಯಿತು.

ಐದನೆಯ ಎಂಡಿನ ಹೊತ್ತಿಗೆ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದಿತ್ತು, ರಾತ್ರಿಯವರೆಗೆ ಬರಲಿಲ್ಲ. ಯು.ಪಿ.ಎಸ್. ದಯೆಯಿಂದ ಪ್ರೊಜೆಕ್ಟರಿನ ಫ್ಯಾನು ಕೆಲವು ನಿಮಿಷ ತಿರುಗಿ ತಾನಾಗಿ ನಿಂತಿತು, ಮೆಷಿನಿಗೆ ಏನೂ ಆಗಲಿಲ್ಲ. ಮಕ್ಕಳು ಕತ್ತಲಲ್ಲಿ ಬೆಲ್ಲದ ಕಾಫಿ ಕುಡಿದು, ಮರಳಿನ ಚೀಲವನ್ನು ಒದ್ದೆ ನೆಲದ ಮೇಲೆ ತಳ್ಳುತ್ತ ಸಂಜೆ ಕಳೆದರು. ನೀರು ಚಿಮುಕಿಸಿದರೆ ಒಂದು ಅಡಿ ಹೆಚ್ಚು ಹೋಗುತ್ತದೆ ಎಂದು ಕಂಡುಹಿಡಿದವಳು ಎಲ್ಲರಿಗಿಂತ ಸಣ್ಣವಳು, 12 ವರ್ಷದವಳು.

ಭಾನುವಾರ ಕರೆಂಟು ಇತ್ತು. ಮತ್ತೆ ಹೋದರೆ ಏನು ಗತಿ ಎಂಬ ಭಯಕ್ಕೆ ಸೆಮಿಫೈನಲಿನ ಫಲಿತಾಂಶವನ್ನು ಬಾಯಲ್ಲೇ ಹೇಳಿ ನೇರ ಫೈನಲಿಗೆ ಹೋದೆ. ಹತ್ತು ಎಂಡಿಗೆ ತೀರ್ಮಾನವಾಗದೆ ಹನ್ನೊಂದನೆಯದಕ್ಕೆ ಹೋಗಿ 12-11ರಲ್ಲಿ ಬ್ರಿಟನ್ ಗೆದ್ದಿತ್ತು ಎಂದೆ. ಮಕ್ಕಳಿಂದ ದೊಡ್ಡ ಗಲಾಟೆ, ಅದನ್ನೇ ಹಾಕಿ ಅಂತ. ಇಲ್ಲ, ಫೈನಲ್ ಮೊದಲು ಎಂದೆ.

2022ರ ಫೆಬ್ರವರಿ 20. ಬೀಜಿಂಗಿನಲ್ಲಿ 2008ರಲ್ಲಿ ಈಜುಕೊಳವಾಗಿದ್ದ ಕಟ್ಟಡದಲ್ಲೇ ಹಿಮ ಹಾಸಿ ಆಡಿದ ಪಂದ್ಯ. ಈವ್ ಎದುರಿಗೆ ಜಪಾನ್. ನಾಲ್ಕು ವರ್ಷದ ಹಿಂದೆ ಆ ಕೊನೆಯ ಕಲ್ಲಿನ ದಿನ ಎದುರಿಗಿದ್ದ ಸತ್ಸುಕಿ ಫುಜಿಸಾವಾ ಅವಳೇ ಇಲ್ಲೂ ಸ್ಕಿಪ್. ಪರದೆಯ ಮೇಲೆ ಅವಳ ಮುಖ ಬಂದ ಕೂಡಲೇ ಮಕ್ಕಳು ಗುರುತು ಹಿಡಿದರು. ಶುಕ್ರವಾರದ ಪಂದ್ಯ ಪೂರ್ತಿ ನೋಡಿದ್ದರಿಂದ ಸಾಧ್ಯವಾದದ್ದು ಅದು. ಅವಳ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ, ನೆಂಟರನ್ನು ನೋಡಿದ ಹಾಗೆ “ಅವ್ರೇ, ಅವ್ರೇ” ಎಂದರು. ಗುಂಪಿನ ಹಂತದಲ್ಲಿ ಬ್ರಿಟನ್ ಐದು ಗೆದ್ದು ನಾಲ್ಕು ಸೋತು, ಬೇರೆಯವರ ಫಲಿತಾಂಶ ಕೂಡಿ ಬಂದು ಒಳಗೆ ಬಂದ ತಂಡ ಎಂಬುದನ್ನೂ ಹೇಳಿದ್ದೆ.

ಮೊದಲ ಎಂಡಿನಲ್ಲಿ ಬ್ರಿಟನ್ನಿಗೆ ಎರಡು. ಆಮೇಲೆ ಬಹಳ ಹೊತ್ತು ಬಿಗಿ ಆಟ, ಆರು ಎಂಡಿನ ಹೊತ್ತಿಗೆ 4-2. ಈ ಭಾಗದಲ್ಲಿ ಇಬ್ಬರು ಮಕ್ಕಳು ನಿದ್ದೆ ಮಾಡಿದ್ದು ನಿಜ, ನಾನು ಎಬ್ಬಿಸಲಿಲ್ಲ. ಏಳನೆಯ ಎಂಡಿನಲ್ಲಿ ಎಲ್ಲರೂ ಎದ್ದಿದ್ದರು. ಹ್ಯಾಮರ್ ಈವ್ ಕೈಯಲ್ಲಿ. ಅವಳು ಕಲ್ಲಿನ ಅಡಿಯನ್ನು ಒರೆಸಿ, ಹ್ಯಾಕ್ ಎನ್ನುವ ರಬ್ಬರಿನ ಮೆಟ್ಟಿಗೆ ಕಾಲು ಕೊಟ್ಟು ಕೂತಳು. ಆ ಹೊತ್ತಿಗೆ ಕ್ಯಾಮೆರಾ ಅವಳ ಕಣ್ಣಿನ ಮಟ್ಟಕ್ಕೆ ಇಳಿಯಿತು. ಹೊಸ ಲ್ಯಾಂಪಿನ ಬೆಳಕಿನಲ್ಲಿ ಹಿಡಿಯ ಮೇಲಿನ ಬೆರಳು ಎಷ್ಟು ಸಡಿಲವಾಗಿವೆ ಎಂದು ಕಂಡಿತು. ನಾನು ಸ್ಟ್ರೋಕ್ ಕಲಿಸುವಾಗ ಸಾವಿರ ಸಲ ಹೇಳುವ ಮಾತು ಅದು, ಕೈ ಬಿಗಿ ಹಿಡಿಯಬೇಡಿ ಅಂತ. ಬಾಯಿಬಿಟ್ಟು ಹೇಳಲಿಲ್ಲ. ಕಲ್ಲು ಹೋಯಿತು, ಆ ಎಂಡಿಗೆ ನಾಲ್ಕು ಅಂಕ. 8-2. ತಗಡಿನ ಮೇಲಿನ ಮಳೆಗಿಂತ ಜೋರಾಗಿ ಮಕ್ಕಳು ಕಿರುಚಿದರು. ಒಂಬತ್ತನೆಯ ಎಂಡ್ ಮುಗಿದಾಗ 10-3, ಜಪಾನಿನವರು ಕೈ ಕುಲುಕಿದರು. ಆ ಚಳಿಗಾಲದ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿಗೆ ಬಂದದ್ದು ಅದೊಂದೇ ಚಿನ್ನ. 2002ರಲ್ಲಿ ರೋನಾ ಮಾರ್ಟಿನ್ ತಂಡ ಕರ್ಲಿಂಗ್ ಚಿನ್ನ ಗೆದ್ದಾಗ ಈವ್‌ಗೆ 11 ವರ್ಷ. ಅದಾಗಿ 20 ವರ್ಷಕ್ಕೆ ಇದು. ಅದೇ ವರ್ಷ ಆಗಸ್ಟಿನಲ್ಲಿ ಅವಳು ಆಟದಿಂದ ನಿವೃತ್ತಿ ಹೇಳಿದಳು, 32 ವರ್ಷಕ್ಕೆ.

ಸೆಂಟರ್ ಹಾಫ್ ಹುಡುಗಿ ಕೊನೆಯವರೆಗೂ ಕುಣಿಯಲಿಲ್ಲ. ಪದಕ ಕೊಡುವಾಗ ಈವ್ ಅಳುವುದನ್ನು ನೋಡುತ್ತ ಕೂತಿದ್ದಳು. ಅವಳು ಏನು ಯೋಚಿಸಿದಳೆಂದು ನಾನು ಕೇಳಲಿಲ್ಲ, ಕೇಳುವಂಥದ್ದೂ ಅಲ್ಲ.

ಅಂಗಡಿಯ ಬಗ್ಗೆ ಉಳಿದದ್ದು ಹೇಳಿಬಿಡುತ್ತೇನೆ. ಸ್ಕ್ರೀನಿನ ಮೂರುಕಾಲಿನ ಸ್ಟ್ಯಾಂಡಿನಲ್ಲಿ ಒಂದು ಕಾಲಿನ ತಿರುಪು ಸಡಿಲ, ಕೆಳಗೆ ಮರದ ಚಕ್ಕೆ ಕೊಡಬೇಕಾಯಿತು. ಎಚ್‌ಡಿಎಂಐ ವಯರು ಗಿಡ್ಡ, ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿನ ಪಕ್ಕದಲ್ಲೇ ಇಡಬೇಕು, ಉದ್ದದ್ದು ಬೇಕಿದ್ದರೆ ಮೊದಲೇ ಹೇಳಿ. ಸೋಮವಾರ ಬೆಳಿಗ್ಗೆ ಬಂದು ವಯರುಗಳನ್ನು ಎಣಿಸಿ ಸುತ್ತಿಕೊಂಡು, ಅಡ್ವಾನ್ಸು ಪೂರ್ತಿ ವಾಪಸ್ಸು ಕೊಟ್ಟರು. ಮೊದಲ ದಿನದ ತೊಂದರೆಗೆ 500 ರೂಪಾಯಿ ಅವರಾಗಿಯೇ ಕಮ್ಮಿ ಮಾಡಿದರು. ಏಪ್ರಿಲ್, ಮೇಯಲ್ಲಿ ಮದುವೆಗಳಿರುವುದರಿಂದ ಹೊಸ ಮೆಷಿನು ಸಿಗುವುದಿಲ್ಲ. ಜೂನಿನಿಂದ ಆಗಸ್ಟಿನವರೆಗೆ ಸುಮ್ಮನೆ ಇರುತ್ತದೆ, ಹೆಚ್ಚು ದಿನಕ್ಕೆ ಕೇಳಿದರೆ ಇನ್ನೂ ಕಮ್ಮಿಗೆ ಕೊಡುತ್ತಾರೆ. ಏನು ತೋರಿಸುತ್ತೀರಿ ಎಂಬುದನ್ನು ಮಾತ್ರ ಫೋನಿನಲ್ಲೇ ಬಿಡಿಸಿ ಹೇಳಿ. ನಾನು ಹೇಳದೆ ಹೋದದ್ದರಿಂದಲೇ ಶುಕ್ರವಾರ ಕೆಟ್ಟಿತು.

ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ, ಆಗಸ್ಟ್ 3ಕ್ಕೆ, ಅದೇ ಹೊಸ ಮೆಷಿನು ಮತ್ತು ದೊಡ್ಡ ಸ್ಪೀಕರನ್ನು ಒಂದು ದಿನಕ್ಕೆ ಹೇಳಿಟ್ಟಿದ್ದೇನೆ. ಮದ್ದುಸೊಪ್ಪಿನ ಪಾಯಸ ಉಂಡು ಆ ಸೆಮಿಫೈನಲನ್ನು ಐದನೆಯ ಎಂಡಿನಿಂದ ನೋಡುವುದೆಂದು ಮಕ್ಕಳು ತೀರ್ಮಾನ ಮಾಡಿದ್ದಾರೆ. ಗೆದ್ದದ್ದು ಯಾರೆಂದು ಗೊತ್ತಿದೆ, 12-11 ಅಂತಲೂ ಗೊತ್ತಿದೆ. 4-0 ಹಿಂದೆ ಇದ್ದವರು ಹೇಗೆ ಬಂದರು ಅನ್ನುವುದು ಅವರಿಗೆ ಕಾಣಬೇಕಂತೆ.